ಕೂಸು ನೋಡಿಕೊಳ್ಳುವ ಕೆಲಸಕ್ಕೆ ಲೆಕ್ಕದ ಪಗಾರ: ಹುಬ್ಬಳ್ಳಿ-ಧಾರವಾಡದ ಹೆಣ್ಣುಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ವಿದ್ಯಾನಗರ, ಕೇಶ್ವಾಪುರ, ಗೋಕುಲ ರೋಡ್, ಧಾರವಾಡದ ಸಪ್ತಾಪುರ, ಮಾಳಮಡ್ಡಿ. ಯಾವ ಓಣಿಗೆ ಹೋದರೂ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಿವೆ. ಡಾಕ್ಟರು, ಬ್ಯಾಂಕಿನವರು, ರೈಲ್ವೆಯವರು, ಕಾಲೇಜಿನ ಮಾಸ್ತರು. ಅವರು ಬೆಳಿಗ್ಗೆ ನಿಶ್ಚಿಂತೆಯಿಂದ ಮನೆ ಬಿಡುವುದು ನಿಮ್ಮನ್ನು ನಂಬಿ. ಆದರೆ ಪಗಾರದ ಮಾತು ಬಂದ ಕೂಡಲೇ "ನೀ ನಮ್ಮ ಮನಿ ಮಗಳಿದ್ದಂಗ" ಅಂತ ಶುರುವಾಗುತ್ತದೆ. ಪ್ರೀತಿ ಇರಲಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಪಗಾರವೂ ಪಗಾರದ ಹಾಗೆಯೇ ಬರಬೇಕು.

ನಾನೂ ಈ ಕೆಲಸ ಮಾಡಿದವಳೇ. ಈಗ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಕರಾರು ಬರೆದುಕೊಡುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ. ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ: ಮಾತುಕತೆ ಕೂಸು ನಿಮಗೆ ಹೊಂದಿಕೊಳ್ಳುವ ಮೊದಲೇ ಮುಗಿಯಬೇಕು. ಒಂದು ತಿಂಗಳು ಎತ್ತಿ ಆಡಿಸಿದ ಮೇಲೆ ಅದು ನಿಮ್ಮನ್ನು ನೋಡಿ ಕೈ ಚಾಚುತ್ತದೆ. ಆಮೇಲೆ "ಪಗಾರ ಕಡಿಮೆಯಾಯ್ತು, ಬಿಡ್ತೀನಿ" ಅನ್ನಲು ನಿಮ್ಮ ಬಾಯೇ ಬರುವುದಿಲ್ಲ. ಮನೆಯವರಿಗೂ ಅದು ಗೊತ್ತಿರುತ್ತದೆ.

ಲೆಕ್ಕದ ಪಗಾರ ಅಂದರೆ ಯಾವುದು

ಫ್ಯಾಕ್ಟರಿಯಲ್ಲಿ, ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರುತ್ತದೆ. ಸಾಮಾನ್ಯವಾಗಿ ಪಿಎಫ್‌ಗೆ 20 ಜನ, ಇಎಸ್‌ಐಗೆ 10 ಜನ ಕೆಲಸ ಮಾಡುವ ಸಂಸ್ಥೆ ಬೇಕು. ಒಂದು ಮನೆಯಲ್ಲಿ ಒಬ್ಬರೇ ಕೂಸು ನೋಡಿಕೊಂಡರೆ ಇವು ಬರುವುದಿಲ್ಲ. ಹಾಗಂತ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಮನೆಗೆಲಸಕ್ಕೂ ಕನಿಷ್ಠ ವೇತನ ಉಂಟು. ಕರ್ನಾಟಕ ಸರ್ಕಾರ 2004ರಲ್ಲೇ ಗೃಹ ಕಾರ್ಮಿಕರಿಗೆ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿದೆ. 2025ರಲ್ಲಿ ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತಲೇ ಒಂದು ಮಸೂದೆಯ ಕರಡನ್ನೂ ಮುಂದಿಟ್ಟಿತು. ಕೆಲಸದವರ ನೋಂದಣಿ, ಮಾಲೀಕರ ನೋಂದಣಿ, ಬರವಣಿಗೆಯ ಕರಾರು, ಇವೆಲ್ಲ ಅದರಲ್ಲಿವೆ. ಅಂದರೆ ನೀವು ಹಾಳೆ ಮೇಲೆ ಬರೆದುಕೊಡಿ ಅನ್ನುವುದು ಅತಿಯಾಸೆಯಲ್ಲ. ಸರ್ಕಾರವೂ ಅದೇ ದಾರಿಯಲ್ಲಿದೆ.

ನಮ್ಮ ಕೆಲಸದಲ್ಲಿ ಲೆಕ್ಕದ ಪಗಾರ ಅಂದರೆ ಇಷ್ಟು: ಕನಿಷ್ಠ ವೇತನಕ್ಕಿಂತ ಕಡಿಮೆ ಇಲ್ಲದ ಹಣ, ಸಹಿ ಮಾಡಿದ ಕರಾರು, ನಿಮ್ಮದೇ ಹೆಸರಿನ ಖಾತೆಗೆ ಜಮೆ, ಮತ್ತು ಗೃಹ ಕಾರ್ಮಿಕಳೆಂದು ಸರ್ಕಾರದ ದಾಖಲೆಯಲ್ಲಿ ನಿಮ್ಮ ಹೆಸರು.

ಮೊದಲು ತಾಸು ಎಣಿಸಿ, ಆಮೇಲೆ ರೊಕ್ಕದ ಮಾತು

ಬಹಳ ಜನ "ತಿಂಗಳಿಗೆ ಎಷ್ಟು ಕೊಡ್ತೀರಿ?" ಅಂತ ಶುರು ಮಾಡುತ್ತಾರೆ. ಅದು ಹಿಂದುಮುಂದು. ಮೊದಲು ಕೇಳಬೇಕಾದ್ದು ಎಷ್ಟು ತಾಸು, ಯಾವ ಯಾವ ಕೆಲಸ ಅಂತ.

ಕೂಸಿಗೆ ಸ್ನಾನ, ಊಟ, ಹಾಲು, ಮಲಗಿಸುವುದು, ಅದರ ಅರಿವೆ ಒಗೆಯುವುದು, ಬಾಟಲಿ ಕುದಿಸುವುದು. ಇವು ಕೂಸಿನ ಕೆಲಸ. ಮನೆಮಂದಿಯ ಭಾಂಡೆ ತಿಕ್ಕುವುದು, ಕಸ ಹೊಡೆಯುವುದು, ರೊಟ್ಟಿ ಬಡಿಯುವುದು ಬೇರೆ ಕೆಲಸ. "ಕೂಸು ಮಲಗಿದಾಗ ಸುಮ್ನೆ ಕೂಡೋದ್ಯಾಕ, ಒಂದೀಟು ಭಾಂಡೆ ತಿಕ್ಕು" ಅನ್ನುವ ಮಾತು ಎರಡನೇ ವಾರಕ್ಕೇ ಬರುತ್ತದೆ. ಕೂಸು ಮಲಗಿದಾಗಲೂ ನೀವು ಕೆಲಸದಲ್ಲೇ ಇದ್ದೀರಿ. ಎದ್ದು ಅತ್ತರೆ ಕೇಳಿಸಬೇಕು, ಮಗ್ಗುಲಾಗಿ ಬಿದ್ದರೆ ಹಿಡಿಯಬೇಕು. ಅಡುಗೆಮನೆಯಲ್ಲಿ ನಳ ಬಿಟ್ಟುಕೊಂಡು ನಿಂತರೆ ಅದು ಆಗುವುದಿಲ್ಲ. ಇದನ್ನು ಅವರಿಗೆ ಹೀಗೇ ಬಿಡಿಸಿ ಹೇಳಿ. ತಮ್ಮ ಕೂಸಿನ ಮಾತು ಅಂದಮೇಲೆ ಬೇಗ ಒಪ್ಪುತ್ತಾರೆ. ಆ ಕೆಲಸವೂ ಬೇಕೇ ಬೇಕು ಅಂದರೆ ಅದಕ್ಕೆ ಬೇರೆ ದರ.

ಈಗ ಲೆಕ್ಕ. ಬೆಳಿಗ್ಗೆ 9ರಿಂದ ಸಂಜೆ 5, ಅಂದರೆ ದಿನಕ್ಕೆ 8 ತಾಸು. ವಾರಕ್ಕೊಂದು ಸೂಟಿ ತೆಗೆದರೆ ತಿಂಗಳಿಗೆ 26 ದಿನ. ಒಟ್ಟು 208 ತಾಸು. ಉದಾಹರಣೆಗೆ ಪಗಾರ 15,600 ರೂಪಾಯಿ ಅಂತ ಇಟ್ಟುಕೊಳ್ಳಿ. ತಾಸಿಗೆ 75 ರೂಪಾಯಿ ಬಿತ್ತು. ಮನೆಯವರು ದಿನಾ 5ರ ಬದಲು 6ಕ್ಕೆ ಬಂದರೆ ತಿಂಗಳಿಗೆ 26 ತಾಸು ಜಾಸ್ತಿಯಾಯಿತು. ಬರೀ ಮಾಮೂಲಿ ದರದಲ್ಲೇ 1,950 ರೂಪಾಯಿ ನಿಮ್ಮ ಕೈಬಿಟ್ಟು ಹೋಯಿತು. ವೇತನದ ಕಾನೂನಿನಲ್ಲಿ ಓವರ್‌ಟೈಮ್‌ಗೆ ದುಪ್ಪಟ್ಟು ದರವಿದೆ. ಆ ಲೆಕ್ಕದಲ್ಲಿ 3,900. "ಟ್ರಾಫಿಕ್ ಇತ್ತು, ಮೀಟಿಂಗ್ ಇತ್ತು" ಅಂತ ದಿನಾ ತಡವಾಗಿ ಬರುವ ಮನೆಯವರಿಗೆ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದೇ ತೋರಿಸಿ. ಬಾಯಲ್ಲಿ ಹೇಳಿದರೆ ಜಗಳದಂತೆ ಕೇಳುತ್ತದೆ, ಅಂಕಿ ನೋಡಿದರೆ ಅವರಿಗೇ ತಿಳಿಯುತ್ತದೆ.

ಕನಿಷ್ಠ ವೇತನದ ದರ ತಿಳಿದುಕೊಳ್ಳುವುದು

ಕನಿಷ್ಠ ವೇತನದಲ್ಲಿ ಎರಡು ಭಾಗ ಇರುತ್ತವೆ: ಮೂಲ ವೇತನ ಮತ್ತು ವ್ಯತ್ಯಯ ತುಟ್ಟಿಭತ್ಯೆ. ಬೆಲೆ ಏರಿದಂತೆ ಈ ಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಊರು ಯಾವ ವಲಯದಲ್ಲಿದೆ ಅನ್ನುವುದರ ಮೇಲೂ ದರ ಬೇರೆ. ಬೆಂಗಳೂರಿನ ದರ ಹುಬ್ಬಳ್ಳಿಗೆ ಹೊಂದುವುದಿಲ್ಲ. ಆದ್ದರಿಂದ ವಾಟ್ಸಾಪ್‌ನಲ್ಲಿ ಬಂದ ಅಂಕಿ ನಂಬಿ ಮಾತಿಗೆ ಕೂಡಬೇಡಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಫೋನ್ ಮಾಡಿ. ಇಲ್ಲವೇ ಹುಬ್ಬಳ್ಳಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ "ಗೃಹ ಕಾರ್ಮಿಕರ ಈ ವರ್ಷದ ಕನಿಷ್ಠ ವೇತನ ಎಷ್ಟು, ನಮ್ಮದು ಯಾವ ವಲಯ" ಅಂತ ಕೇಳಿ. ಆ ಅಧಿಸೂಚನೆಯ ಒಂದು ಜೆರಾಕ್ಸ್ ತಂದಿಟ್ಟುಕೊಳ್ಳಿ. ಗದಗ, ಹಾವೇರಿಯವರು ತಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಬಹುದು.

ಒಂದು ಮಾತು ನೆನಪಿರಲಿ. ಕನಿಷ್ಠ ವೇತನ ಅಂದರೆ ಅದಕ್ಕಿಂತ ಕೆಳಗೆ ಇಳಿಯಬಾರದು ಅಂತ ಅಷ್ಟೇ. ಅದೇ ಸರಿಯಾದ ದರ ಅಂತ ಅಲ್ಲ. ಆರು ತಿಂಗಳ ಕೂಸು, ಅವಳಿ ಮಕ್ಕಳು, ಔಷಧಿ ಕೊಡಬೇಕಾದ ಮಗು, ಇವಕ್ಕೆ ಜಾಸ್ತಿ ಕೇಳಲೇಬೇಕು. ಬಾಣಂತನ, ಅಂಗನವಾಡಿ, ಆಸ್ಪತ್ರೆ ಕೆಲಸದ ಅನುಭವ ಇದ್ದರೆ ಅದನ್ನೂ ದರಕ್ಕೆ ಸೇರಿಸಿ.

ರೇಷನ್ ಕಾರ್ಡಿನ ಅಂಜಿಕೆ

"ಬ್ಯಾಂಕಿಗೆ ಪಗಾರ ಬಂದ್ರ ಬಿಪಿಎಲ್ ಕಾರ್ಡ್ ಹೋಗತೈತಿ, ಗೃಹಲಕ್ಷ್ಮಿ ನಿಲ್ಲತೈತಿ, ಅದಕ್ಕ ಕೈಗೇ ಕೊಡ್ರಿ." ಈ ಮಾತನ್ನು ನಮ್ಮವರೇ ಹೇಳುತ್ತಾರೆ. ಮನೆಯವರಿಗೂ ಇದು ಅನುಕೂಲ. ಹಾಗಾಗಿ ಇಬ್ಬರೂ ಸುಮ್ಮನಾಗಿಬಿಡುತ್ತಾರೆ. ಇದನ್ನು ಬಿಡಿಸಿ ನೋಡೋಣ.

ಗೃಹಲಕ್ಷ್ಮಿಯ 2,000 ರೂಪಾಯಿ ಎಪಿಎಲ್ ಕಾರ್ಡಿನವರಿಗೂ ಸಿಗುತ್ತದೆ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಮಾತ್ರ ಇಲ್ಲ. ಬ್ಯಾಂಕಿಗೆ ಪಗಾರ ಬಂದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ತೆರಿಗೆಯ ಅಂಜಿಕೆಯೂ ಬೇಡ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ದುಡಿಮೆಗೆ ತೆರಿಗೆ ಬರುವುದಿಲ್ಲ.

ಬಿಪಿಎಲ್ ಕಾರ್ಡಿನ ವಿಷಯ ಬೇರೆ. ಅಲ್ಲಿ ಇಡೀ ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು ಅಂತಿದೆ. ತಿಂಗಳಿಗೆ 10,000. ಪೂರ್ತಿ ದಿನದ ನ್ಯಾಯವಾದ ಪಗಾರ, ಅದರ ಜೊತೆ ಗಂಡನ ದುಡಿಮೆ ಸೇರಿದರೆ ಇದು ದಾಟಿಹೋಗಬಹುದು. ನಗದು ತೆಗೆದುಕೊಂಡರೂ ಆದಾಯ ಆದಾಯವೇ. ಕಾನೂನು ಕೇಳುವುದು ಎಷ್ಟು ದುಡಿದಿರಿ ಅಂತ, ಯಾವ ಕೈಯಿಂದ ತೆಗೆದುಕೊಂಡಿರಿ ಅಂತಲ್ಲ. ಹಾಗಾಗಿ ಮುಚ್ಚಿಡುವ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರ್ಡ್ ಬದಲಾದರೆ ಏನೇನು ಕಳೆದುಕೊಳ್ಳುತ್ತೀರಿ ಅಂತ ಲೆಕ್ಕ ಹಾಕಿ, ಅದನ್ನು ಪಗಾರದಲ್ಲಿ ಕೇಳಿ. ಅಕ್ಕಿಯ ಬೆಲೆ ನಿಮಗೇ ಗೊತ್ತು. ಆಸ್ಪತ್ರೆಯದು ದೊಡ್ಡದು: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಗೊತ್ತುಮಾಡಿದ ದರದ, 30 ಪರ್ಸೆಂಟ್ ಮಾತ್ರ, ಅದೂ 1.5 ಲಕ್ಷದವರೆಗೆ. "ಅಕ್ಕಾರ, ಈ ಪಗಾರಕ್ಕ ಬಂದ್ರ ನನ್ನ ಕಾರ್ಡ್ ಹೋಗತೈತಿ, ದವಾಖಾನಿ ಖರ್ಚಿಗೆ ಒಂದು ವಿಮಾ ಮಾಡಿಸಿಕೊಡ್ರಿ" ಅಂತ ಬಾಯಿಬಿಟ್ಟು ಕೇಳುವುದರಲ್ಲಿ ಏನೂ ತಪ್ಪಿಲ್ಲ.

ಮಾತಿಗೆ ಕೂಡುವಾಗ

ಕೂಸಿನ ತಾಯಿ-ತಂದೆ ಇಬ್ಬರೂ ಇರುವಾಗ ಕೂಡಿ. ಒಬ್ಬರ ಹತ್ತಿರ ಮಾತಾಡಿದರೆ "ಅವರನ್ನ ಕೇಳಿ ಹೇಳ್ತೀನಿ" ಅಂತ ವಾರ ಕಳೆಯುತ್ತದೆ. ಬಾಗಿಲಲ್ಲಿ ನಿಂತು ಮಾತಾಡಬೇಡಿ. ಅವರೇ ಒಳಗೆ ಕರೆದು ಕೂಡಿಸುವವರೆಗೆ ಪಗಾರದ ಮಾತು ತೆಗೆಯಬೇಡಿ.

ಮೊದಲ ಅಂಕಿ ನೀವೇ ಹೇಳಿ. ನೀವು ಒಪ್ಪುವ ಕಡೆಯ ದರಕ್ಕಿಂತ ಸ್ವಲ್ಪ ಮೇಲೆ ಹೇಳಿ, ಹೇಳಿ ಸುಮ್ಮನಾಗಿ. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳು ಅಂಕಿ ಹೇಳಿದ ಕೂಡಲೇ "ಜಾಸ್ತಿ ಆತೇನ್ರಿ? ನೀವ ನೋಡಿ ಕೊಡ್ರಿ" ಅಂತ ತಾವೇ ಇಳಿಸಿಬಿಡುತ್ತಾರೆ. ಆ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ.

ಮಾತು ಹೀಗೆ ನಡೆಯಬಹುದು:

"ಅಕ್ಕಾರ, ಕೆಲಸ ನನಗ ಒಪ್ಪಿಗಿ ಐತಿ. ಪಗಾರ, ತಾಸು, ಸೂಟಿ ಇಷ್ಟನ್ನ ಒಂದು ಹಾಳಿ ಮ್ಯಾಲೆ ಬರದು ಇಬ್ಬರೂ ಸಹಿ ಮಾಡೋಣು."

"ಅದೆಲ್ಲ ಯಾಕಬೇಕು? ನಂಬಿಕಿ ಇಲ್ಲೇನು?"

"ನಂಬಿಕಿ ಐತ್ರಿ, ಅದಕ್ಕ ನಿಮ್ಮ ಮನಿಗೆ ಬಂದೀನಿ. ನೀವು ನನ್ನ ಆಧಾರ್ ಕಾಪಿ ಇಸ್ಕೊಂಡ್ರಿ, ಪೊಲೀಸ್ ವೆರಿಫಿಕೇಶನ್ ಮಾಡಸ್ತೀನಿ ಅಂದ್ರಿ, ನಾ ಹೂಂ ಅಂದೆ. ಹಂಗ ನನಗೂ ಒಂದು ಕಾಗದ ಇರಲಿ."

ಈ ಉತ್ತರಕ್ಕೆ ಎದುರು ಮಾತು ಬರುವುದು ಕಡಿಮೆ. "ಪಕ್ಕದ ಮನಿಯವರು ಇಷ್ಟ ಕೊಡೋದು" ಅಂದರೆ ಅವರ ದರದ ಮೇಲೆ ವಾದ ಮಾಡಬೇಡಿ. ಅಲ್ಲಿ ಎಷ್ಟು ತಾಸು, ಎಷ್ಟು ಮಕ್ಕಳು, ಯಾವ ಕೆಲಸ ಅಂತ ಕೇಳಿ. ಅವರು ಪೂರ್ತಿ ಒಪ್ಪದಿದ್ದರೆ ಹಣದ ಬದಲು ತಾಸಿನಲ್ಲಿ ಇಳಿಯಿರಿ: "ಇಷ್ಟ ಪಗಾರ ಅಂದ್ರ ನಾಲ್ಕಕ್ಕ ಹೋಗ್ತೀನಿ." ಆದರೆ ಆ ಹಣವನ್ನು ತಾಸಿಗೆ ಭಾಗಿಸಿದರೂ ಕನಿಷ್ಠ ದರಕ್ಕಿಂತ ಕೆಳಗೆ ಬರಬಾರದು. ಹಳೇ ಸೀರೆ, ಉಳಿದ ಅಡುಗೆ, ಹಬ್ಬದ ಫರಾಳ ಪ್ರೀತಿಯಿಂದ ಕೊಟ್ಟರೆ ತೆಗೆದುಕೊಳ್ಳಿ. ಪಗಾರದ ಲೆಕ್ಕದಲ್ಲಿ ಮಾತ್ರ ಸೇರಿಸಬಾರದು.

ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ಪ್ರತಿ ಏಪ್ರಿಲ್‌ಗೆ ಒಮ್ಮೆ ಪಗಾರ ಏರಿಸುವ ಮಾತನ್ನು ಮೊದಲೇ ಆಡಿಬಿಡಿ. ತುಟ್ಟಿಭತ್ಯೆ ಬದಲಾಗುವುದೂ ಏಪ್ರಿಲ್‌ಗೇ. ಪ್ರತಿ ವರ್ಷ ಹೊಸದಾಗಿ ಬಾಯಿಬಿಡುವ ಸಂಕೋಚ ತಪ್ಪುತ್ತದೆ.

ಕರಾರಿನ ಹಾಳೆ

ವಕೀಲರೇ ಬೇಕಂತಿಲ್ಲ. ಬಿಳಿ ಹಾಳೆಯಾದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಇ-ಸ್ಟ್ಯಾಂಪ್ ಕಾಗದದಲ್ಲಿ ಮಾಡಿಸಿದರೆ ಇನ್ನೂ ಗಟ್ಟಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಟ್ಟ ಹಾಳೆಗೆ ಓದಿ ತಿಳಿಯದೆ ಸಹಿ ಹಾಕಬೇಡಿ. ನಾನು ಬರೆದುಕೊಡುವುದು ಹೀಗಿರುತ್ತದೆ:

"ಕೆಲಸ: ಒಂದು ಕೂಸಿನ ಆರೈಕೆ, ಅದರ ಊಟ, ಸ್ನಾನ, ಬಟ್ಟೆ. ಮನೆಯ ಬೇರೆ ಕೆಲಸ ಸೇರಿಲ್ಲ. ವೇಳೆ ಬೆಳಿಗ್ಗೆ 9ರಿಂದ ಸಂಜೆ 5. ಭಾನುವಾರ ಪಗಾರಸಹಿತ ಸೂಟಿ. ತಿಂಗಳ ಪಗಾರ ರೂ. ____, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕೆಲಸಗಾರ್ತಿಯ ಸ್ವಂತ ಖಾತೆಗೆ ಜಮೆ. 5 ಗಂಟೆಯ ನಂತರದ ಪ್ರತಿ ತಾಸಿಗೆ ದುಪ್ಪಟ್ಟು ದರ. ಸಂಜೆ 7 ದಾಟಿದರೆ ಮನೆಗೆ ಹೋಗುವ ಆಟೋ ಚಾರ್ಜು ಮಾಲೀಕರದು. ಮಾಲೀಕರು ಊರಿಗೆ ಹೋಗಿ ಕೆಲಸ ಇಲ್ಲದ ದಿನಗಳಿಗೆ ಪಗಾರ ಕಡಿತ ಇಲ್ಲ. ವರ್ಷಕ್ಕೆ ____ ದಿನ ಪಗಾರಸಹಿತ ರಜೆ, ಹಬ್ಬದ ರಜೆ ಬೇರೆ. ಕೆಲಸ ಬಿಡಿಸಲು ಅಥವಾ ಬಿಡಲು ಒಂದು ತಿಂಗಳ ಮುಂಚಿನ ತಿಳಿವಳಿಕೆ, ಇಲ್ಲವೇ ಒಂದು ತಿಂಗಳ ಪಗಾರ. ಬಿಟ್ಟ ಮೇಲೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ."

ಕೆಳಗೆ ಇಬ್ಬರ ಸಹಿ, ತಾರೀಖು, ಇಬ್ಬರು ಸಾಕ್ಷಿಗಳು. ಎರಡು ಪ್ರತಿ. ಒಂದು ನಿಮ್ಮ ಕೈಗೆ ಅದೇ ದಿನ ಬರಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಹಬ್ಬದ ರಜೆಯನ್ನು ಹೆಸರು ಹಿಡಿದೇ ಬರೆಯಿಸಿ. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದೆ ಇರಲು ಆಗುತ್ತದೇನು? ಅದೇ ಹೊತ್ತಿಗೆ ಮನೆಯವರಿಗೂ ನೆಂಟರು ಬರುತ್ತಾರೆ, ನೀವು ಬೇಕಾಗುತ್ತೀರಿ. ಪಂಚಮಿ, ದೀಪಾವಳಿ, ರಂಜಾನ್, ಕ್ರಿಸ್‌ಮಸ್, ನಿಮ್ಮೂರ ಜಾತ್ರೆ, ಯಾವುದು ನಿಮಗೆ ಬೇಕೋ ಅದನ್ನು ಬರೆಯಿಸಿದರೆ ಆ ವಾರ ಜಗಳ ಇರುವುದಿಲ್ಲ. ಕೂಸಿನ ಜೊತೆ ಪ್ರವಾಸಕ್ಕೆ ಕರೆದುಕೊಂಡು ಹೋಗುವುದಿದ್ದರೆ ಅದಕ್ಕೂ ದಿನದ ದರ, ಮಲಗಲು ಬೇರೆ ಜಾಗ ಬರೆಯಿಸಿ.

ಮನೆಯಲ್ಲೇ ಇರುವ ಕೆಲಸವಾದರೆ ಇನ್ನೂ ಹುಷಾರಾಗಿರಬೇಕು. "ಇಲ್ಲೇ ಇರ್ತಿಯಲ್ಲ" ಅಂತ ಇಪ್ಪತ್ನಾಲ್ಕು ತಾಸೂ ಕೆಲಸವಾಗಿಬಿಡುತ್ತದೆ. ರಾತ್ರಿ ಕೂಸಿಗೆ ಎದ್ದರೆ ಬೆಳಿಗ್ಗೆ ಎಷ್ಟು ತಾಸು ನಿದ್ದೆ, ಯಾವ ಕೋಣೆ, ಫೋನ್ ಬಳಸುವುದು, ವಾರದ ಸೂಟಿಗೆ ಹೊರಗೆ ಹೋಗುವುದು ಇವೆಲ್ಲ ಹಾಳೆಗೆ ಬರಬೇಕು. ಹಾಲ್‌ನಲ್ಲಿ ಕ್ಯಾಮೆರಾ ಇದ್ದರೆ ಇರಲಿ, ನೀವು ಮಲಗುವ, ಬಟ್ಟೆ ಬದಲಿಸುವ ಜಾಗದಲ್ಲಿ ಇರಬಾರದು.

ಮುಂಗಡ ತೆಗೆದುಕೊಂಡರೆ ಎಷ್ಟು, ತಿಂಗಳಿಗೆ ಎಷ್ಟು ಕಡಿತ ಅಂತ ಅದೇ ಹಾಳೆಯ ಹಿಂದೆ ಬರೆಯಿರಿ. ಸಾಲ ತೀರುವವರೆಗೆ ಬಿಡುವಂತಿಲ್ಲ ಅಂತ ಯಾರೂ ಕಟ್ಟಿಹಾಕುವಂತಿಲ್ಲ. ಜೀತ ಪದ್ಧತಿ 1976ರ ಕಾಯ್ದೆಯಿಂದ ನಿಷೇಧವಾಗಿದೆ. ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಸಾಕು.

ಪಗಾರ ಖಾತೆಗೆ

ಖಾತೆ ನಿಮ್ಮ ಹೆಸರಿನದೇ ಆಗಿರಬೇಕು. ಗಂಡನದಲ್ಲ, ಮಗನದಲ್ಲ. ನಮ್ಮ ಕಡೆ ಬಹಳ ಜನರ ಖಾತೆ ಹಿಂದಿನ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿದೆ. ಅದು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಸೇರಿದೆ. ಮನೆಯವರಿಗೆ ಖಾತೆ ನಂಬರ್ ಕೊಡುವ ಮೊದಲು ಶಾಖೆಯಲ್ಲಿ ಈಗಿನ ಐಎಫ್‌ಎಸ್‌ಸಿ ಕೋಡ್ ಕೇಳಿಕೊಳ್ಳಿ. ಖಾತೆಯೇ ಇಲ್ಲದಿದ್ದರೆ ಜನಧನ ಖಾತೆ ತೆರೆಯಿರಿ, ಅದಕ್ಕೆ ಕನಿಷ್ಠ ಬ್ಯಾಲೆನ್ಸ್ ಬೇಕಿಲ್ಲ.

ಫೋನ್‌ಪೇಯಲ್ಲಿ ಹಾಕಿದರೂ ನಡೆಯುತ್ತದೆ. "ಪಗಾರ, ಜೂನ್" ಅಂತ ಟಿಪ್ಪಣಿ ಬರೆದು ಹಾಕಲು ಹೇಳಿ. ಇಲ್ಲದಿದ್ದರೆ ನಾಳೆ ಅದನ್ನೇ ಸಾಲ ಕೊಟ್ಟಿದ್ದೆ ಅನ್ನಬಹುದು. ಅರ್ಧ ಖಾತೆಗೆ, ಅರ್ಧ ಕೈಗೆ ಅಂದರೆ ಒಪ್ಪಬೇಡಿ. ಒಂದು ಸಣ್ಣ ಡೈರಿಯಲ್ಲಿ ದಿನಾ ಬಂದ ವೇಳೆ, ಹೋದ ವೇಳೆ ಬರೆಯಿರಿ. ತಿಂಗಳ ಕೊನೆಗೆ ಅದರ ಫೋಟೋವನ್ನು ಕೂಸಿನ ತಾಯಿಗೆ ವಾಟ್ಸಾಪ್ ಮಾಡಿ. ಅವರು "ಸರಿ" ಅಂತ ಉತ್ತರ ಕೊಟ್ಟರೆ ಅದೇ ನಿಮ್ಮ ಹಾಜರಿ ಪುಸ್ತಕ.

ಸರ್ಕಾರದ ದಾಖಲೆಯಲ್ಲಿ ಹೆಸರು

ಇ-ಶ್ರಮ ಕಾರ್ಡ್ ಮೊದಲು. 2021ರ ಆಗಸ್ಟ್‌ನಲ್ಲಿ ಶುರುವಾದ ಈ ನೋಂದಣಿ ಉಚಿತ, 16ರಿಂದ 59 ವರ್ಷದವರಿಗೆ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಪಾಸ್‌ಬುಕ್ ತೆಗೆದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಉದ್ಯೋಗದ ಜಾಗದಲ್ಲಿ "ಕೂಲಿ" ಅಂತ ತುಂಬಿಬಿಡುತ್ತಾರೆ, ಮನೆಗೆಲಸ, ಮಕ್ಕಳ ಆರೈಕೆ ಅಂತಲೇ ಹಾಕಿಸಿ. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಗೃಹ ಕಾರ್ಮಿಕರು ಸೇರಿದ್ದಾರೆ. ಅದನ್ನು ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಪಿಂಚಣಿ ಮಾತ್ರ ಬಿಡಬೇಡಿ. ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಗೆ 18ರಿಂದ 40 ವರ್ಷದೊಳಗಿನ, ತಿಂಗಳಿಗೆ 15,000 ರೂಪಾಯಿವರೆಗೆ ದುಡಿಯುವ ಅಸಂಘಟಿತ ಕಾರ್ಮಿಕರು ಸೇರಬಹುದು. ವಯಸ್ಸಿನ ಮೇಲೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಸರ್ಕಾರ ಅಷ್ಟೇ ಹಾಕುತ್ತದೆ. 60 ಆದ ಮೇಲೆ ತಿಂಗಳಿಗೆ 3,000. ಇದರ ಕಂತನ್ನು ಮನೆಯ ಮಾಲೀಕರೇ ತಮ್ಮ ಕೆಲಸದವರ ಪರವಾಗಿ ಕಟ್ಟುವ ಅವಕಾಶವನ್ನು 2022ರಲ್ಲಿ ತಂದಿದ್ದಾರೆ. ವರ್ಷಕ್ಕೆ 660ರಿಂದ 2,400 ರೂಪಾಯಿ ಅಷ್ಟೇ. ಮಾತುಕತೆಯಲ್ಲಿ ಇದನ್ನು ತಪ್ಪದೆ ಕೇಳಿ. ಪಗಾರ 500 ಜಾಸ್ತಿ ಕೊಡಲು ಹಿಂದೆಮುಂದೆ ನೋಡುವವರು ಇದಕ್ಕೆ ಹೂಂ ಅನ್ನುತ್ತಾರೆ. ಪಗಾರ 15,000 ದಾಟಿದ್ದರೆ ಅಟಲ್ ಪಿಂಚಣಿ ನೋಡಿ, ಅದೂ 40ರೊಳಗೆ. 40 ದಾಟಿದವರು ಪೋಸ್ಟ್ ಆಫೀಸಿನ ಆರ್‌ಡಿಗೆ ತಿಂಗಳಿಗಿಷ್ಟು ಅಂತ ಮಾಲೀಕರಿಂದ ಹಾಕಿಸಿಕೊಳ್ಳಬಹುದು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತಕ್ಕೆ 2 ಲಕ್ಷದ ವಿಮೆ. ಬ್ಯಾಂಕಿನಲ್ಲಿ ಒಂದು ಫಾರ್ಮ್ ತುಂಬಿದರೆ ಮುಗಿಯಿತು.

ಏಜೆನ್ಸಿ ಮೂಲಕ ಹೋಗುವವರು ಒಂದೇ ಪ್ರಶ್ನೆ ಕೇಳಿ: ನನ್ನ ಮಾಲೀಕರು ಯಾರು, ನೀವೋ ಆ ಮನೆಯವರೋ? ಏಜೆನ್ಸಿಯೇ ಪಗಾರ ಕೊಡುವುದಾದರೆ, ಅಲ್ಲಿ ಸಾಕಷ್ಟು ಜನ ಕೆಲಸಕ್ಕಿದ್ದರೆ, ಪಿಎಫ್, ಇಎಸ್‌ಐ ಕೇಳುವ ಹಕ್ಕು ನಿಮಗಿದೆ. ಮನೆಯವರು ಏಜೆನ್ಸಿಗೆ ಎಷ್ಟು ಕಟ್ಟುತ್ತಾರೆ ಅಂತಲೂ ತಿಳಿದುಕೊಳ್ಳಿ.

ಪಗಾರ ನಿಂತರೆ, ಮಾತು ಮೀರಿದರೆ

ಮೊದಲು ವಾಟ್ಸಾಪ್‌ನಲ್ಲಿ ಬರೆದು ಕೇಳಿ, ಸೌಮ್ಯವಾಗಿ, ತಾರೀಖು ಹಾಕಿ. ಉತ್ತರ ಬರದಿದ್ದರೆ ಕರಾರು, ಪಾಸ್‌ಬುಕ್, ಡೈರಿ ಹಿಡಿದು ಕಾರ್ಮಿಕ ನಿರೀಕ್ಷಕರಲ್ಲಿ ದೂರು ಕೊಡಿ. ವಕೀಲರಿಗೆ ಕೊಡಲು ಹಣವಿಲ್ಲ ಅಂತ ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಧಾರವಾಡದಲ್ಲೂ ಇದೆ, ಗದಗ, ಹಾವೇರಿಯಲ್ಲೂ ಇದೆ. ಫೋನ್ 15100.

ಮೈಮೇಲೆ ಕೈ ಹಾಕುವುದು, ಕೆಟ್ಟ ಮಾತು, ಕೆಟ್ಟ ನೋಟ ಇದ್ದರೆ ಅಲ್ಲಿ ಪಗಾರದ ಲೆಕ್ಕ ನೋಡುತ್ತಾ ಕೂಡಬೇಡಿ, ಹೊರಗೆ ಬನ್ನಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ದುಡಿದ ದಿನಗಳ ಪಗಾರವನ್ನು ಆಮೇಲೆ ಕೇಳಿ ಪಡೆಯಬಹುದು.

ಚಲೋ ರೀತಿಯಲ್ಲಿ ಬಿಡುವಾಗ

ಕೂಸು ಶಾಲೆಗೆ ಸೇರಿದ ಮೇಲೆ ಕೆಲಸ ಮುಗಿಯುತ್ತದೆ. ಆಗ ಬಾಕಿ ಪಗಾರ, ಉಳಿದ ರಜೆಯ ಹಣ ಚುಕ್ತಾ ಮಾಡಿಕೊಳ್ಳಿ. ಜೊತೆಗೆ ಒಂದು ಪತ್ರ ಕೇಳಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ವಯಸ್ಸಿನ ಮಗುವನ್ನು ನೋಡಿಕೊಂಡಿರಿ, ಕಡೆಯ ಪಗಾರ ಎಷ್ಟು, ಕೆಲಸ ಹೇಗಿತ್ತು, ಕೆಳಗೆ ಸಹಿ ಮತ್ತು ಅವರ ಫೋನ್ ನಂಬರ್. ಪತ್ರ ಬರೆಯಲು ಅವರಿಗೆ ಬಿಡುವಿಲ್ಲದಿದ್ದರೆ ನೀವೇ ಬರೆಯಿಸಿ ತಂದು ಸಹಿ ಹಾಕಿಸಿಕೊಳ್ಳಿ. ಆ ಪತ್ರ, ಕರಾರಿನ ಪ್ರತಿ, ಪಗಾರ ಜಮೆಯಾದ ಪಾಸ್‌ಬುಕ್ ಪುಟಗಳ ಜೆರಾಕ್ಸ್ ಒಂದೇ ಕವರಿನಲ್ಲಿಡಿ. ಮುಂದಿನ ಮನೆಯಲ್ಲಿ ಆ ಕವರು ತೆಗೆದು ಮುಂದಿಟ್ಟು, ಹಳೇ ಪಗಾರಕ್ಕಿಂತ ಮೇಲಿನ ಅಂಕಿಯಿಂದ ಮಾತು ಶುರು ಮಾಡಿ.